ಹುಬ್ಬು ಕೊಟ್ಟ ಮಾತು

ಆಕ್ಲೆಂಡ್, ಆಸ್ಪತ್ರೆಯ ಕಿಟಕಿ ಪಕ್ಕದ ಹಾಸಿಗೆ
ಜೂನ್ ಎಂಟು, ಮಂಗಳವಾರ

ಮುದ್ದು ಮಗಳು ಲಟಾಯ್‌ಗೆ ಅಮ್ಮನ ಮುತ್ತುಗಳು.

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೇ? ನಿಮ್ಮ ಪಂಗಾಯ್ ಊರಲ್ಲಿ ಈಗ ತಣ್ಣನೆ ಗಾಳಿ ಜೋರು. ಒದ್ದೆ ತಲೆಯಲ್ಲಿ ಹಾಡಿನ ಅಭ್ಯಾಸಕ್ಕೆಂದು ಚರ್ಚಿಗೆ ಓಡಬೇಡ. ಸೋದರತ್ತೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬಳೇ ಸರಿಯಾಗಿ ಬೇಯಿಸಿಕೊಂಡು ತಿನ್ನುತ್ತೀಯೋ, ಚಹಾದಲ್ಲಿ ಬ್ರೆಡ್ಡು ಅದ್ದಿಕೊಂಡು ದಿನ ದೂಡುತ್ತೀಯೋ, ಯಾರು ಕಂಡರು? ಉತ್ತರ ಬರುವುದಿಲ್ಲವೆಂದು ಗೊತ್ತು. ಹಡಗುಕಟ್ಟೆಯಲ್ಲಿ ನನ್ನ ಕೈ ಬಿಟ್ಟು ಹೋದವಳು ಆಮೇಲೆ ಒಂದು ಸಾಲೂ ಬರೆದಿಲ್ಲ. ಬರೆಯದಿದ್ದರೆ ಬೇಡ, ಇದನ್ನು ಪೂರ್ತಿ ಓದು, ಅಷ್ಟೇ ಸಾಕು.

ತಲೆಗೆ ಬಟ್ಟೆ ಸುತ್ತಿಕೊಂಡು, ಎಡಗಿವಿಯ ಹಿಂದೆ ಹೊಲಿಗೆ ಹಾಕಿಸಿಕೊಂಡು, ಉಪ್ಪುಕಾರವಿಲ್ಲದ ಸೂಪು ಕುಡಿದು ಕೂತಿದ್ದೇನೆ. ಹೆದರಬೇಡ, ಗಟ್ಟಿಯಾಗಿದ್ದೇನೆ. ನನ್ನ ಮುಖದ ಎಡಭಾಗ ತನ್ನಷ್ಟಕ್ಕೆ ತಾನೇ ಎಳೆಯುತ್ತಿದ್ದದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ನಿಮ್ಮಲ್ಲಿಗೆ ಬಂದಾಗಲೆಲ್ಲ ಕೆನ್ನೆಗೆ ಕೈ ಕೊಟ್ಟು ಕೂರುತ್ತಿದ್ದೆ, ಹಲ್ಲುನೋವು ಅನ್ನುತ್ತಿದ್ದೆ. ನಮ್ಮ ವವಾವು ದ್ವೀಪದಲ್ಲಿ ಮಾತ್ರ ಮುಚ್ಚಿಡಲು ಆಗಲಿಲ್ಲ. ದೆವ್ವ ಕೆನ್ನೆಗೆ ಹೊಡೆದಿದೆಯೆಂದು ಮುದುಕಿಯರು ಎಂತೆಂಥದೋ ಸೊಪ್ಪು ಅರೆದು ಮೆತ್ತಿದರು. ಸಾಲಾಗಿ ಕೂತು ಮರದ ತೊಗಟೆ ಬಡಿದು ಬಟ್ಟೆ ಮಾಡುವಾಗ ಹೆಂಗಸರದ್ದು ಒಂದೇ ಹಾಡು: "ಯಾರಿಗೇ ಕಣ್ಣು ಹೊಡೀತಿದೀಯ ಮನುಸಿಯು, ಪಾದ್ರಿಗಾ?" ನಾನೂ ನಗುತ್ತಿದ್ದೆ, ಇನ್ನೇನು ಮಾಡಲಿ?

ಪಕ್ಕದ ರಕ್ತನಾಳವೊಂದು ಮುಖದ ನರಕ್ಕೆ ಒತ್ತಿಕೊಂಡು ಹಗಲೂ ರಾತ್ರಿ ಅದನ್ನು ಬಡಿಯುತ್ತಿತ್ತಂತೆ. ಪಕ್ಕದ ಮನೆಯಲ್ಲಿ ತೊಗಟೆ ಬಡಿದರೆ ನಮ್ಮ ಮನೆಯ ಪಾತ್ರೆ ಅದುರುವುದಿಲ್ಲವೇ, ಹಾಗೆ. ಡಾಕ್ಟರು ಕಿವಿಯ ಹಿಂದೆ ತಲೆಬುರುಡೆಯಲ್ಲಿ ಸಣ್ಣ ಕಿಂಡಿ ಕೊರೆದು, ನರಕ್ಕೂ ರಕ್ತನಾಳಕ್ಕೂ ನಡುವೆ ಅರಳೆಯಂಥ ಮೆತ್ತೆ ಇಟ್ಟಿದ್ದಾರೆ. ಎಚ್ಚರವಾದಾಗ ಮುಖ ಸುಮ್ಮನಿತ್ತು. ಎಡಗಿವಿ ಮಂದವಾಗಿದೆ, ಅದು ಸರಿಹೋದರೂ ಹೋದೀತು, ಹೋಗದೆಯೂ ಇದ್ದೀತು ಅನ್ನುತ್ತಾರೆ.

ಇಷ್ಟಾದ ಮೇಲೆ ಸಂತೋಷಪಡಬೇಕಿತ್ತು. ನನಗೆ ಅಳುವೇ ನಿಲ್ಲುತ್ತಿಲ್ಲ. ಆಪರೇಷನ್‌ಗೆ ಮೊದಲು ಅವರು ನನ್ನ ಮುಖದ ವಿಡಿಯೊ ತೆಗೆದಿದ್ದರು. ಭಾಷೆ ತಿಳಿಸಲು ನಮ್ಮ ಟೊಂಗಾದ ಹುಡುಗಿಯೇ ಆದ ನರ್ಸ್ ಫೀಪೆ ಜೊತೆಗಿದ್ದಳು. ಟಿ.ವಿ.ಯಲ್ಲಿ ನನ್ನನ್ನು ನೋಡಿ ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ ಚಿಕ್ಕಮ್ಮಾ, ನೋವಿದ್ಯಾ ಅಂತ ಕೇಳಿದ್ರೆ ನಿಮ್ಮ ಬಾಯಿ ಇಲ್ಲ ಅನ್ನುತ್ತೆ, ಹುಬ್ಬು ಹೌದು ಅನ್ನುತ್ತೆ! ಯಾವುದನ್ನ ನಂಬ್ಲಿ ನಾನು?" ಬಿಳಿಯ ಡಾಕ್ಟರಿಗೆ ನಗು ಯಾಕೆಂದು ತಿಳಿಯಲಿಲ್ಲ. ಪಾಪ, ಅವರಿಗೇನು ಗೊತ್ತು? ನಮ್ಮಲ್ಲಿ ಬಾಯಿಬಿಟ್ಟು ಹೌದು ಅನ್ನುವವರು ಯಾರು? ಅಂಗಡಿಯಲ್ಲಿ ಸಕ್ಕರೆ ಇದೆಯೇ ಎಂದರೂ ಹುಬ್ಬು ಮೇಲೆತ್ತುತ್ತೇವೆ, ಮದುವೆಗೆ ಒಪ್ಪಿಗೆಯೇ ಎಂದರೂ ಹುಬ್ಬು ಮೇಲೆತ್ತುತ್ತೇವೆ. ಫೀಪೆ ಅದನ್ನು ಬಿಡಿಸಿ ಹೇಳಿದಾಗ ಡಾಕ್ಟರು, ಈ ಕಾಯಿಲೆಯ ಗುರುತೇ ಅದು ಎಂದರು. ಕಣ್ಣು ಬಿಗಿದು ಮುಚ್ಚುವಾಗಲೇ ಅದೇ ಬದಿಯ ಹುಬ್ಬು ಮೇಲೇಳುತ್ತದಂತೆ. ಬೇಕೆಂದು ಮಾಡಲು ಮನುಷ್ಯರಿಗೆ ಬರುವುದಿಲ್ಲವಂತೆ. ನಾನು ಎಳೆತ ಶುರುವಾದರೆ ಕನ್ನಡಿಯಿಂದ ಮುಖ ತಿರುಗಿಸುವವಳು. ಹುಬ್ಬಿನ ಸುದ್ದಿಯೇ ನನಗೆ ಗೊತ್ತಿರಲಿಲ್ಲ.

ಟಿ.ವಿ.ಯಲ್ಲಿ ಆ ಹುಬ್ಬು ಏಳುವುದನ್ನು ನೋಡುತ್ತಿದ್ದಂತೆ, ನೀನು ನಾಲ್ಕು ವರ್ಷದವಳಿದ್ದಾಗ ನಮ್ಮ ಚಾಪೆಯ ಮೇಲೆ ಬಂದು ಕೂತ ನಿನ್ನ ಸೋದರತ್ತೆ ತೆಲೇಸಿಯಾ ಕಣ್ಮುಂದೆ ಬಂದಳು. ಮಕ್ಕಳಿಲ್ಲದವಳು, ತಮ್ಮನ ಮಗುವನ್ನು ಸಾಕಿಕೊಳ್ಳಲು ಬಂದಿದ್ದಳು. ಕೇಳದೆಯೇ ಎತ್ತಿಕೊಂಡು ಹೋಗಬಹುದಿತ್ತು, ಸೋದರತ್ತೆಯ ಹಕ್ಕು ಅಂಥದ್ದು. ಅಕ್ಕನೆದುರು ನಿನ್ನಪ್ಪ ತುಟಿ ಬಿಚ್ಚುವಂತಿಲ್ಲ. ಆದರೂ ಅವಳು ನನ್ನ ಕೈ ಹಿಡಿದು ಕೇಳಿದಳು: "ನೋಡು ಮನುಸಿಯು, ಹೆತ್ತವಳು ನೀನು. ಮನಸ್ಸಿಲ್ಲದಿದ್ರೆ ಈಗ್ಲೇ ಹೇಳ್ಬಿಡು. ನಾನೇನೂ ಬೇಜಾರು ಮಾಡ್ಕೊಳಲ್ಲ." ಬೇಡ ಅತ್ತಿಗೆ, ಇವಳನ್ನು ಬಿಟ್ಟು ನಾನಿರಲಾರೆ ಎಂಬ ಮಾತು, ದೇವರಾಣೆ ಲಟಾಯ್, ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವಳು, "ಅಗೋ, ನಾನು ಕೇಳಿ ಮುಗಿಸೋ ಮುಂಚೆನೇ ಹೌದು ಅಂದ್ಲು! ಎಂಥಾ ದೊಡ್ಡ ಮನಸ್ಸೇ ನಿಂದು!" ಎಂದು ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಮನೆಮಂದಿಯೆಲ್ಲ ಹರಸತೊಡಗಿದರು, ಆಮೇಲೆ ಬೇಡವೆಂದರೆ ಮನೆಗೇ ಅವಮಾನ. ನಾನು ಹೌದೆಂದದ್ದು ಯಾವಾಗ? ನಾಟಕವಾಡಿ ಮಗುವನ್ನು ಕಿತ್ತುಕೊಂಡಳೆಂದೇ ತಿಳಿದೆ. ಕಣ್ಣು ಅದುರಲು ಶುರುವಾಗಿದ್ದದ್ದು ಆ ದಿನಗಳಲ್ಲೇ. ಆಗಿನ್ನೂ ಯಾರಿಗೂ ಗೊತ್ತಾಗಿರಲಿಲ್ಲ. ಪಾಪ, ಅತ್ತಿಗೆ ನನ್ನ ಹುಬ್ಬಿನಲ್ಲಿ ಕಂಡದ್ದನ್ನೇ ಹೇಳಿದ್ದಳು. ಅದನ್ನೇ ನನ್ನ ಹೊಗಳಿಕೆಯೆಂದು ನಿನಗೂ ಹೇಳಿ ಹೇಳಿ ಬೆಳೆಸಿದಳು. ಕೇಳುವ ಮೊದಲೇ ಕೊಟ್ಟುಬಿಟ್ಟ ತಾಯಿ ಎಂದು ಕೇಳುತ್ತಾ ಬೆಳೆದ ಮಗುವಿಗೆ ಹೇಗಾಗಿರಬೇಡ!

ಅವಳ ಮಣ್ಣು ಮುಗಿಸಿ ನಾನು ಹಡಗು ಹತ್ತುವಾಗ ನೀನು ಓಡಿಬಂದು ಕೇಳಿದೆಯಲ್ಲ: "ಅಮ್ಮಾ, ಒಂದೇ ಒಂದು ಮಾತು. ನನ್ನ ಕೊಡೋವಾಗ ನಿಂಗೆ ಖುಷಿನೇ ಆಗಿತ್ತಾ?" ನಿನ್ನ ಕೈ ಹಿಡಿಯಲು ಕೆನ್ನೆಯ ಮೇಲಿನ ಕೈ ತೆಗೆದೆ. ಸಂಕಟವಾದಾಗಲೇ ಈ ಎಳೆತ ಹೆಚ್ಚು. ನೀನು ನನ್ನ ಮುಖ ನೋಡಿ, "ಆಯ್ತು ಬಿಡು, ಗೊತ್ತಾಯ್ತು" ಎಂದು ತಿರುಗಿ ನಡೆದೆ. ನಾನು ಕೂಗಿದ್ದು ಹಡಗಿನ ಹಾರ್ನಿನಲ್ಲಿ ಮುಳುಗಿತು. ಎಂಥ ಸೊಕ್ಕಿನ ಹುಡುಗಿ, ಉತ್ತರ ಕೇಳಲೂ ನಿಲ್ಲಲಿಲ್ಲ ಎಂದು ಊರು ಮುಟ್ಟುವವರೆಗೂ ಬೈದುಕೊಂಡೆ. ನಿನಗೆ ಉತ್ತರ ಆಗಲೇ ಸಿಕ್ಕಿಬಿಟ್ಟಿತ್ತೆಂದು ನನಗೆ ಹೊಳೆಯಲೇ ಇಲ್ಲ.

ಕನ್ನಡಿಯ ಮುಂದೆ ನಿಂತು ಮಾಡಿ ನೋಡು ಮಗಳೇ. ಎಡಗಣ್ಣು ಬಿಗಿಯಾಗಿ ಮುಚ್ಚಿ, ಎಡಹುಬ್ಬು ಮೇಲೆತ್ತು. ಆಗುವುದಿಲ್ಲ. ನನ್ನಿಂದಲೂ ಆಗುತ್ತಿರಲಿಲ್ಲ. ನಾನು ನಿನ್ನನ್ನು ಕೊಡಲಿಲ್ಲ ಲಟಾಯ್. ಈ ಆಪರೇಷನ್ ಆಗಲೇ ಆಗಿದ್ದರೆ, ಇಲ್ಲವೇ ನನ್ನ ಬಾಯಿ ಒಂದು ಗಳಿಗೆ ಮೊದಲು ತೆರೆದಿದ್ದರೆ, ನಿನ್ನ ಮೊದಲ ಹಲ್ಲು ಬಿದ್ದದ್ದು, ನೀನು ದೊಡ್ಡವಳಾದದ್ದು ಎಲ್ಲ ನನ್ನ ಕಣ್ಣೆದುರಿಗೇ ಆಗುತ್ತಿತ್ತು. ಈಗ ಅತ್ತಿಗೆಯ ಕೈ ಹಿಡಿದು ಅಳೋಣವೆಂದರೆ ಅವಳೂ ಇಲ್ಲ. ಭಾನುವಾರ ಅವಳ ಸಮಾಧಿಗೆ ಬಿಳಿ ಮರಳು ಹಾಕುವಾಗ ನನ್ನ ಹೆಸರಿನಲ್ಲೂ ಒಂದು ಬೊಗಸೆ ಹಾಕು.

ನಿನ್ನಪ್ಪನೂ ನಿನ್ನನ್ನು ನೆನೆಯುತ್ತಿರುತ್ತಾರೆ. ದೇವರು ನಿನ್ನನ್ನು ರೆಪ್ಪೆ ಕಣ್ಣನ್ನು ಕಾಯುವಂತೆ ಕಾಯಲಿ.

ನಿನ್ನನ್ನು ಹೆತ್ತವಳು,
ಮನುಸಿಯು

ಮತ್ತೆ: ಫೀಪೆಯ ಅಣ್ಣ ಊರಿಗೆ ಹೊರಟು ನಿಂತಿದ್ದಾನೆ, ಪತ್ರ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಮುಂದಿನ ತಿಂಗಳ ಮೊದಲ ಶುಕ್ರವಾರ ಬೆಳಗ್ಗೆ ವವಾವುಗೆ ಮರಳುವ ನನ್ನ ಹಡಗು ನಿಮ್ಮ ಪಂಗಾಯ್ ಕಟ್ಟೆಗೆ ಬರುತ್ತದೆ, ಸಾಮಾನು ಇಳಿಸುವಷ್ಟು ಹೊತ್ತು ನಿಲ್ಲುತ್ತದೆ. ಬಂದು ಅದೇ ಮಾತು ಇನ್ನೊಮ್ಮೆ ಕೇಳು. ಕೆನ್ನೆಗೆ ಕೈ ಕೊಡುವುದಿಲ್ಲ. ಬಲಗಿವಿಯ ಹತ್ತಿರ ಗಟ್ಟಿಯಾಗಿ ಕೇಳು. ಆಮೇಲೆ ನಾನೂ ಒಂದು ಮಾತು ಕೇಳುವುದಿದೆ, ನನ್ನ ಜೊತೆ ಮನೆಗೆ ಬರುತ್ತೀಯಾ ಎಂದು. ಹೌದಾದರೆ ಹುಬ್ಬು ಎತ್ತಬೇಡ ಮಗಳೇ, ಬಾಯಿಬಿಟ್ಟು ಹೇಳು.