ಜೋಳದ ಚೀಲಕ್ಕೆ ತುಂಬಿದ ಉಡಿ

ಮಲಪ್ರಭೆ ದಂಡೆ,
ಸೆಪ್ಟೆಂಬರ್ ೩೧, ೨೨೮೧

ಹಿಂದಿನ ಕಾಲದ ಹಿರಿಯರಿಗೆ ಬಾಳವ್ವನ ಶರಣು.

ತಾರೀಖು ನೋಡಿ ನಗಬೇಡಿ; ನಮ್ಮಲ್ಲಿ ಸೆಪ್ಟೆಂಬರಿಗೂ ಮೂವತ್ತೊಂದು ದಿನ. ನನ್ನ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಊರಿನ ಬೀಜ ಕಾಯುವುದು ನನ್ನ ಕೆಲಸ. ನಮ್ಮ ಕಾಲದ ಗಾಳಿಯ ತುಂಬ ಬೂಷ್ಟು. ಅದಕ್ಕೇ ಬಿತ್ತನೆಯ ಜೋಳವನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಕಳಿಸುತ್ತಾರೆ. ಬಿತ್ತುವ ದಿನದವರೆಗೆ ಬಾಯಿ ಬಿಚ್ಚುವಂತಿಲ್ಲ. ಒಳಗೆ ತೇವವಿದೆಯೇ ಎಂದು ನೋಡಲು ತೇವಗನ್ನಡಿ ಎಂಬ ಯಂತ್ರವಿದೆ. ನೀವು ಅನ್ನ ಬಿಸಿ ಮಾಡುವ ಮೈಕ್ರೋವೇವ್ ಅಲೆಗಳನ್ನೇ ಅದು ಬಲು ಮೆಲ್ಲಗೆ ಚೀಲದ ಮೂಲಕ ಹಾಯಿಸುತ್ತದೆ. ಒಣ ಕಾಳನ್ನು ಅವು ಸಲೀಸಾಗಿ ದಾಟುತ್ತವೆ, ನೀರು ಸಿಕ್ಕಲ್ಲಿ ತಡವರಿಸುತ್ತವೆ. ಆ ಜಾಗ ಪರದೆಯ ಮೇಲೆ ಕಪ್ಪಗೆ ಮೂಡುತ್ತದೆ. ಕಪ್ಪು ಕಂಡ ಚೀಲವನ್ನು ಬೂಷ್ಟು ಹಬ್ಬುವ ಮೊದಲೇ ಸುಡಬೇಕು, ಬೇರೆ ಮಾತಿಲ್ಲ.

ಈ ಸಲ ಊರಿಗೆಲ್ಲ ಬಂದದ್ದು ಒಂದೇ ಚೀಲ ಬಿಳಿಜೋಳ. ಕಳಿಸಿದವಳು ಡೋಣಿ ಹೊಳೆಯ ದಂಡೆಯಲ್ಲಿರುವ ನನ್ನ ಅಕ್ಕ ಸಾತವ್ವ. ಅದು ಹೋದರೆ ವರ್ಷವಿಡೀ ರೊಟ್ಟಿಯಿಲ್ಲ, ಪಾಚಿಹಿಟ್ಟೇ ಗತಿ. ಕೆರೆಯ ಪಾಚಿ ಒಣಗಿಸಿ ಬೀಸಿದ ಆ ಹಿಟ್ಟನ್ನು ನಾಯಿಯೂ ಮೂಸುವುದಿಲ್ಲ. ಚೀಲವನ್ನು ಕನ್ನಡಿಯ ಮುಂದೆ ಇಟ್ಟರೆ ನಟ್ಟನಡುವೆ ಕರಿ ಕಲೆ! ಸುಡುವವರು ಆಗಲೇ ಬೆಂಕಿ ಹೊತ್ತಿಸಿಕೊಂಡು ಅಂಗಳದಲ್ಲಿ ನಿಂತಿದ್ದರು. ಅಕ್ಕನಿಗೆ ಫೋನು ಮಾಡಿ, ಹಸಿ ಕಾಳು ತುಂಬಿ ಊರನ್ನೇ ಹಾಳು ಮಾಡಿದೆಯೆಂದು ಬಾಯಿಗೆ ಬಂದಂತೆ ಬೈದೆ.

“ಹಸಿ ಕಾಳು ತುಂಬಾಕ ನನಗೇನು ತಲಿ ಕೆಟ್ಟೈತೇನ? ಅದು ಉಡಿ ತುಂಬಿದ ತೆಂಗಿನಕಾಯಿ! ನಮ್ಮ ಹೊಲದ ಬೀಜ ಅಂದ್ರ ಮನಿಮಗಳಿದ್ದಂಗ. ಬರೇ ಉಡೀಲೆ ಹೆಂಗ ಕಳಸ್ಲಿ?” ಎಂದು ಅವಳೇ ತಿರುಗಿಬಿದ್ದಳು.

ಚೀಲವನ್ನು ಹೊರಳಿಸಿ ನಾಲ್ಕೂ ಮಗ್ಗುಲಿನಿಂದ ನೋಡಿದೆ. ತೇವ ಹಿಡಿದ ಕಾಳಿನ ಕಲೆಗೆ ಅಂಚೆಂಬುದಿರುವುದಿಲ್ಲ, ಸುತ್ತ ಹರಡಿಕೊಂಡಿರುತ್ತದೆ. ಇದು ಎತ್ತಲಿಂದ ನೋಡಿದರೂ ಗುಂಡಗೆ, ಚೊಕ್ಕ. ಕಾಯಿ ಒಡೆದಿರಲಿಲ್ಲ, ಪಕ್ಕದ ಕಾಳೆಲ್ಲ ಒಣಗೇ ಇತ್ತು. ಅಲ್ಲೇ ಕೂತು ನಗುತ್ತಲೇ ಅತ್ತುಬಿಟ್ಟೆ. ಸುಡುವವರು, “ಬದುಕಿದ್ವಿ ಬಿಡವ್ವ” ಎಂದು ಬೆಂಕಿಗೆ ನೀರು ಸುರಿದರು.

ನಿನ್ನೆ ಬಿತ್ತಿದೆವು. ಕಾಯಿ ಒಡೆದು ಊರವರೆಲ್ಲ ಚೂರು ಚೂರು ತಿಂದೆವು. ಎಷ್ಟು ಹಗುರಾಗಿದೆ ಜೀವ, ಹೇಳತೀರದು.

ಅಕ್ಕನಿಗೆ ಈ ಪದ್ಧತಿ ಬಂದದ್ದು ನಿಮ್ಮಿಂದಲೇ, ಅದಕ್ಕೇ ನಿಮ್ಮನ್ನೇ ಕೇಳಿಕೊಳ್ಳುತ್ತೇನೆ. ಬೀಜಕ್ಕೆ ಉಡಿ ತುಂಬುವುದನ್ನು ಬಿಡಬೇಡಿ. ಆದರೆ ನಿಮಗೆ ಪುಣ್ಯ ಬರಲಿ, ಕಾಯನ್ನು ಚೀಲದ ಹೊರಗೆ ಕಟ್ಟಿ. ದಾರಿಯಲ್ಲಿ ಅದು ಒಡೆದಿದ್ದರೆ ಬೈಸಿಕೊಳ್ಳಲು ಅಕ್ಕ ಇರುತ್ತಿದ್ದಳು, ಬಿತ್ತಲು ಕಾಳು ಇರುತ್ತಿರಲಿಲ್ಲ.