ಒಳಹಾಳೆಯ ಅಕ್ಷರಗಳು

ಅಮ್ಮಾ,

ಇವತ್ತು ನನ್ನ ಡಿಸೈನ್ ತರಗತಿಗೆ ಒಬ್ಬ ವಿದ್ಯಾರ್ಥಿನಿ ನನ್ನ ತಮ್ಮನ ರಾಕ್ ಬ್ಯಾಂಡಿನ ಹಳೆಯ ಆಲ್ಬಮ್ ತಂದಿದ್ದಳು. ಅದರ ವಿನ್ಯಾಸ ನನ್ನದು, ಒಳಹಾಳೆಯಲ್ಲಿ ಹಾಡುಗಳನ್ನು ಬರೆದ ಕೈ ನಿನ್ನದು ಎಂದು ಅವಳಿಗೆ ತಿಳಿಯದು. ನೀನು ಹೋದ ಮೇಲೆ ನಾನು ಆ ಹಾಳೆಯನ್ನು ಬಿಡಿಸಿಯೇ ಇರಲಿಲ್ಲ.

“ಹಾಡಿಂದ ಹಾಡಿಗೆ ಅಕ್ಷರ ದೊಡ್ಡದಾಗ್ತಾ ಹೋಗುತ್ತೆ ನೋಡಿ ಮೇಡಂ. ಕೊನೇ ಹಾಡಲ್ಲಂತೂ ಸಾಲುಗಳು ಒಂದರ ಮೇಲೊಂದು ಹತ್ತಿವೆ. ಸಿಟ್ಟು ಏರ್ತಿರೋದನ್ನ ತೋರಿಸೋಕೆ ಬೇಕಂತಲೇ ಹೀಗೆ ಮಾಡಿದ್ದಾರೆ” ಎಂದಳು.

ನಿನಗೆಲ್ಲಿಯ ಸಿಟ್ಟು? “ಇದು ಹಾಡೇನೋ, ಪಕ್ಕದ ಮನೆಯವರ ಜಗಳವೇನೋ?” ಎಂದು ತಮ್ಮನನ್ನು ಕಿಚಾಯಿಸುತ್ತಲೇ ನೀನು ಬರೆದೆ. ನಡುವೆ ಎದ್ದು ಹಾಳೆಯನ್ನು ಕಿಟಕಿಯ ಬಳಿ ಒಯ್ದು, “ಈ ದೀಪ ಸಾಲ್ದು ಕಣೇ” ಅಂದೆ. ನಾನು ಬಲ್ಬ್ ಬದಲಿಸಿದೆ. ಮರುವರ್ಷ ನಿನ್ನ ಕಣ್ಣು ಪರೀಕ್ಷಿಸಿದ ಡಾಕ್ಟರು, “ಇಷ್ಟು ದಿನ ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?” ಎಂದು ಕೇಳಿದರು.

ಅದೇ ಹಾಳೆಯನ್ನು ನಾನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೆ. ಅಕ್ಷರಗಳ ಓರೆಕೋರೆ ಚಂದವಾಗಿದೆ ಎಂದು ತಿದ್ದದೆ ಅಚ್ಚಿಗೆ ಕಳಿಸಿದ್ದೆ.

ತರಗತಿ ನನ್ನ ಮಾತಿಗಾಗಿ ಕಾಯುತ್ತಿತ್ತು.

“ಚೆನ್ನಾಗಿ ನೋಡಿದ್ದೀಯಮ್ಮ” ಎಂದೆ. ಅವಳಿಗೆ ಅಷ್ಟೇ ಸಾಕಾಯಿತು.