ಬಂದರಿನ ಮನೆಯ ಅಳತೆ

೧೦ ಫೆಬ್ರವರಿ ೧೯೯೭, ಸೋಮವಾರ

ಭದ್ರಾವತಿ ಶಟಲ್ ಇವತ್ತೂ ಲೇಟು. ಶಿವಮೊಗ್ಗದ ಆಫೀಸು ಮುಟ್ಟಿದಾಗ ಹತ್ತೂಕಾಲು. ಡ್ರಾಯಿಂಗ್ ಪೆನ್ನು ಕಟ್ಟಿಕೊಂಡಿತ್ತು, ಬಿಸಿನೀರಿನಲ್ಲಿ ನೆನೆಸಿಟ್ಟೆ. ಕುಂಸಿಯ ಕಲ್ಯಾಣಮಂಟಪದ ಪ್ಲ್ಯಾನ್ ಅರ್ಧಕ್ಕೆ ನಿಂತಿದೆ. ಅಡುಗೆಮನೆ ಎಲ್ಲಿ ಅಂತ ಕಟ್ಟಿಸುವವರಿಗೇ ಇನ್ನೂ ಗೊತ್ತಿಲ್ಲ.

ನಮ್ಮ ಆರ್ಕಿಟೆಕ್ಟ್ ಕಾಂತರಾಜ್ ಸರ್ ಖುಷಿಯಲ್ಲಿದ್ದರು. ಪುಸ್ತಕ ನಾಳೆ ಪ್ರೆಸ್ಸಿನಿಂದ ಬರುತ್ತದಂತೆ. ಮಂಗಳೂರಿನ ಹಳೆಯ ಕಟ್ಟಡಗಳ ಪುಸ್ತಕ. ನಾಲ್ಕು ವರ್ಷ, ಶನಿವಾರ ಭಾನುವಾರ ಆಗುಂಬೆ ಘಾಟಿ ಇಳಿದು ಹೋಗಿ ನಾನು ಅಳೆದದ್ದು. ಇಗರ್ಜಿಗಳು, ಹಂಚಿನ ಕಾರ್ಖಾನೆ, ಬಂದರಿನ ಗೋದಾಮುಗಳು. ಅರವತ್ತೆರಡು ಚಿತ್ರ.

ನಾಳೆ ನನ್ನ ಹೆಸರು ಅಚ್ಚಿನಲ್ಲಿ ತೋರಿಸುತ್ತೇನೆ ಅಂತ ಅವ್ವನಿಗೆ ಹೇಳಿದೆ. ಅವ್ವನಿಗೆ ಓದಲು ಬಾರದು. "ಬೊಟ್ಟಿಟ್ಟು ತೋರ್ಸು, ಸಾಕು" ಅಂದಳು.

೧೧ ಫೆಬ್ರವರಿ

ಬಂತು. ಮೊದಲ ಪುಟದಲ್ಲಿ: ಅಳತೆ ಮತ್ತು ರೇಖಾಚಿತ್ರ — ಕಾಂತರಾಜ್.

ಕೃತಜ್ಞತೆಯ ಪುಟ ಮೂರು ಸಲ ನೋಡಿದೆ. ಹೆಂಡತಿ ಇದ್ದಾಳೆ. ಪ್ರೆಸ್ಸಿನ ಮಾಲೀಕ ಇದ್ದಾನೆ. ಕಾರು ಓಡಿಸುವ ಮುರಳಿಯೂ ಇದ್ದಾನೆ. ನನ್ನ ಹೆಸರು, ಹಾಲಮ್ಮ, ಇಲ್ಲ.

ಕೇಳಿಯೇ ಬಿಟ್ಟೆ.

"ನೋಡಮ್ಮ, ನೀನು ಆಫೀಸ್ ಸ್ಟಾಫು. ಗಾರೆಯವನ ಹೆಸ್ರನ್ನ ಯಾರಾದ್ರೂ ಮನೆ ಮೇಲೆ ಬರೀತಾರಾ?"

ನಗುತ್ತಲೇ ಹೇಳಿದರು. ಒಂದು ಪ್ರತಿಗೆ ಸಹಿ ಹಾಕಿ ನನ್ನ ಕೈಗಿಟ್ಟರು.

ಸಂಜೆ ಅವ್ವ ಕನ್ನಡಕ ಹಾಕಿಕೊಂಡು ಕಾಯುತ್ತಿದ್ದಳು. ಕವರಿನ ಮೇಲಿದ್ದ ಅವರ ಹೆಸರಿಗೇ ಬೊಟ್ಟಿಟ್ಟೆ. ಸವರಿ ನೋಡಿದಳು. "ಎಷ್ಟು ಚೆಂದ ಐತೆ ಮಗಾ ನಿನ್ ಹೆಸ್ರು..."

೧೨ ಫೆಬ್ರವರಿ, ಬೆಳಿಗ್ಗೆ

ಇವತ್ತಿನಿಂದ ಅವನಿಗೆ ಬಹುವಚನ ಇಲ್ಲ. ಎದುರಿಗೆ ಸರ್. ಇಲ್ಲಿ ಅವನು.

ಬಲಗೈ ಮಣಿಕಟ್ಟು ಚಳಿಗೆ ಇನ್ನೂ ಹಿಡಿಯುತ್ತದೆ. ತೊಂಬತ್ತನಾಲ್ಕರಲ್ಲಿ ಅಳೆಯುವಾಗ ಬಂದರಿನ ಮನೆಯ ಅಟ್ಟದಿಂದ ಬಿದ್ದದ್ದು. ಕೆಳಗೆ ಗೋದಾಮು, ಮೇಲೆ ಮನೆ. ಮುರಕಲ್ಲಿನ ಗೋಡೆ ಎರಡೂವರೆ ಅಡಿ ದಪ್ಪ. ಹಿಂಬಾಗಿಲ ಮೆಟ್ಟಿಲು ನೇರ ಹೊಳೆಗೆ ಇಳಿಯುತ್ತದೆ. ಒಂದು ಕಾಲಕ್ಕೆ ದೋಣಿಗಳು ಅಲ್ಲೇ ಬಂದು ನಿಲ್ಲುತ್ತಿದ್ದವಂತೆ. ನೆಲದ ಹಲಗೆಯಲ್ಲಿ ಇವತ್ತಿಗೂ ಕಾಳುಮೆಣಸಿನ ವಾಸನೆ. ಅರವತ್ತೆರಡು ಚಿತ್ರಗಳಲ್ಲಿ ನನಗೆ ಪ್ರೀತಿಯ ಮನೆ ಅದೊಂದೇ.

ನಾನು ಬಿದ್ದಾಗ ಅವನು ರಸ್ತೆಯಲ್ಲಿ ಎಳನೀರು ಕುಡಿಯುತ್ತಿದ್ದ. "ಧೂಳು ಆಗಲ್ಲಮ್ಮ ನಂಗೆ." ಒಂದು ದಿನವೂ ಆ ಹೊಸ್ತಿಲು ದಾಟಲಿಲ್ಲ.

ಕೆಲಸ ಬಿಡುವುದಿಲ್ಲ. ಬಿಟ್ಟು ಹೋದರೆ ಅವನಿಗೆ ಸುಖ. ಅಳತೆಯ ಪುಸ್ತಕಗಳು ಏಳು, ಎಲ್ಲ ನನ್ನ ಕೈಬರಹ. ದಿನಕ್ಕೊಂದರಂತೆ ಊಟದ ಬ್ಯಾಗಿನಲ್ಲಿ ಮನೆಗೆ ತರಬೇಕು.

೩೧ ಮಾರ್ಚ್, ಸೋಮವಾರ

ದಾರಿ ತಾನಾಗಿಯೇ ಬಂದು ನಿಂತಿದೆ.

ಬಂದರಿನ ಮನೆ ಮಾರಾಟವಾಗಿದೆ. ಕೊಂಡವನು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾನಂತೆ. ಉಳಿಸಬೇಕೆಂದು ಅಲ್ಲಿನ ಕೆಲವರು ಅರ್ಜಿ ಹಾಕಿದ್ದಾರೆ. ಒಂದು ಸಮಿತಿ ಕೂತು ಕೇಳುತ್ತದೆ. ಅರ್ಜಿಯವರಿಗೆ ಇರುವ ಆಧಾರ ಒಂದೇ, ಪುಸ್ತಕದ ಚಿತ್ರಗಳು. ಅವರ ಪರ ಸಾಕ್ಷಿ ಹೇಳುವವನು ಕಾಂತರಾಜ್.

"ದೊಡ್ಡದಾಗಿ ಪ್ರಿಂಟ್ ತೆಗಿಯಮ್ಮ. ಹತ್ತು ಜನ ಕೂತು ನೋಡ್ಬೇಕು."

ತೆಗೆದುಕೊಟ್ಟೆ. ಮಧ್ಯಾಹ್ನ ಅಂಚೆ ಆಫೀಸಿಗೆ ಹೋಗಿ ಕೊಂಡವನ ಕಡೆಯ ಲಾಯರಿಗೆ ಒಂದು ಕಾಗದ ಹಾಕಿದೆ. ಒಂದೇ ಸಾಲು: ಈ ಚಿತ್ರಗಳನ್ನು ಅಳೆದೆನೆನ್ನುವವರು ಆ ಮನೆಯೊಳಗೆ ಕಾಲಿಟ್ಟಿಲ್ಲ. ಕೆಳಗೆ ನನ್ನ ಹೆಸರು, ವಿಳಾಸ.

೬ ಏಪ್ರಿಲ್, ಭಾನುವಾರ

ಆ ಲಾಯರು ಮುರುಗೇಶಪ್ಪ ಭದ್ರಾವತಿಯ ಓಲ್ಡ್ ಟೌನ್‌ವರೆಗೂ ಹುಡುಕಿಕೊಂಡು ಬಂದರು. ಮೆತ್ತಗಿನ ಮನುಷ್ಯ. ಅವ್ವ ಕಾಫಿ ಕೊಟ್ಟಳು.

"ನೀವೇನೂ ಸುಳ್ಳು ಹೇಳ್ಬೇಕಾಗಿಲ್ಲ ತಾಯಿ. ಒಂದೇ ಪ್ರಶ್ನೆ ಕೇಳ್ತೀನಿ. ಅವ್ರು ಅಳೆದ್ರಾ? ಇಲ್ಲ ಅನ್ನಿ, ಸಾಕು."

"ಆಮೇಲೆ ಮನೆ?"

"ಚಿತ್ರಾನೇ ನಂಬಂಗಿಲ್ಲ ಅಂದ್ಮೇಲೆ ಅರ್ಜಿ ನಿಲ್ಲಲ್ಲ."

ಬರ್ತೀನಿ ಅಂದೆ.

ಅವರು ಹೋದ ಮೇಲೆ ಅವ್ವನಿಗೆ ಎಲ್ಲ ಹೇಳಬೇಕಾಯಿತು. ಕವರಿನ ಮೇಲಿನ ಹೆಸರು ಯಾರದು ಅನ್ನುವುದನ್ನೂ. ಅವ್ವ ಕಾಫಿ ಲೋಟ ತೊಳೆದು ಕವುಚಿಟ್ಟು ಬಂದಳು.

"ಅವನ್ನ ಮಣ್ಣುಮುಕ್ಸು, ಬ್ಯಾಡ ಅನ್ನಲ್ಲ. ಆ ಮನೆ ನಿಂಗೇನ್ ಮಾಡಿತ್ತು?"

ಕೈ ಮುರಿದಿತ್ತು ಅಂದೆ. ಕೆಟ್ಟ ಮಾತು.

೧೪ ಮೇ, ಬುಧವಾರ — ಮಂಗಳೂರು, ಲಾಡ್ಜ್

ಆಯಿತು.

ಅವನು ಸಿಲ್ಕ್ ಜುಬ್ಬಾ ಹಾಕಿಕೊಂಡು ಬಂದಿದ್ದ. ಸಮಿತಿಯ ಮುಂದೆ ಮುಕ್ಕಾಲು ಗಂಟೆ ಮಾತಾಡಿದ. ಮುರಕಲ್ಲು, ಹೊಳೆ, ಪರಂಪರೆ... ಚಪ್ಪಾಳೆ ಬೇರೆ. ಆಮೇಲೆ ಮುರುಗೇಶಪ್ಪ ನನ್ನನ್ನು ಕರೆದರು. ನನ್ನನ್ನು ಕಂಡು ಅವನು ಮೊದಲು ಮುಗುಳ್ನಕ್ಕ. ಸಹಾಯಕ್ಕೆ ಬಂದಿದ್ದಾಳೆ ಅಂದುಕೊಂಡಿರಬೇಕು.

"ಕಾಂತರಾಜ್ ಅವ್ರು ಈ ಮನೆ ಅಳೆದದ್ದು ನೀವು ನೋಡಿದೀರಾ?"

"ಇಲ್ಲ. ಅವ್ರು ಒಳಗೇ ಬಂದಿಲ್ಲ."

"ಸರ್, ಮೇಲಿನ ಅಂತಸ್ತಿಗೆ ಮೆಟ್ಲು ಯಾವ ಕಡೆ?" ಅಂತ ಅವನನ್ನೇ ಕೇಳಿದರು. ಪ್ರಿಂಟ್ ನೋಡಲು ಬಿಡಲಿಲ್ಲ. ಎಡ ಅಂದ. ತಡೆದು ಬಲ ಅಂದ. ಎರಡೂ ಅಲ್ಲ, ನಡುವಿನ ಅಂಗಳದಿಂದ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅವನ ಕುತ್ತಿಗೆಯಿಂದ ಬೆವರು ಇಳಿದು ಜುಬ್ಬಾ ಬೆನ್ನಿಗೆ ಅಂಟಿತು. ಕಣ್ತುಂಬ ನೋಡಿದೆ.

ಅಧ್ಯಕ್ಷರು ಕೇಳಿದರು: "ಹಾಗಾದ್ರೆ ಇದನ್ನ ಅಳೆದವ್ರು ಯಾರಮ್ಮ?"

ಅಳತೆಯ ಏಳೂ ಪುಸ್ತಕ ತೊಡೆಯ ಮೇಲಿನ ಬ್ಯಾಗಿನಲ್ಲೇ ಇದ್ದವು. ತೆಗೆದು ಮೇಜಿನ ಮೇಲಿಟ್ಟಿದ್ದರೆ... ಚಿತ್ರ ಸರಿ ಅಂತ ಆಗುತ್ತಿತ್ತು. ಅಚ್ಚಾದ ಪುಸ್ತಕ ಉಳಿಯುತ್ತಿತ್ತು. ಪುಸ್ತಕದ ಜೊತೆ ಅವನೂ ಉಳಿಯುತ್ತಿದ್ದ, ಅರ್ಧವಾದರೂ.

"ಗೊತ್ತಿಲ್ಲ" ಅಂದೆ.

೨ ಜೂನ್

ಅರ್ಜಿ ವಜಾ. ಮಂಗಳೂರಿನಿಂದ ಬಂದ ಮೇಲೆ ನಾನು ಆಫೀಸಿಗೆ ಹೋಗಿಲ್ಲ. ಪೇಪರಿನಲ್ಲಿ ಅವನ ಸುದ್ದಿ ಎರಡು ಕಾಲಂ. ಯಾವುದೋ ಸಂಘದವರು ಕೊಡಬೇಕಿದ್ದ ಸನ್ಮಾನವೂ ರದ್ದು. ಕತ್ತರಿಸಿ ಇಟ್ಟುಕೊಂಡೆ. ಸಾಕಾಗದೆ ಇನ್ನೊಂದು ಪೇಪರ್ ಕೊಂಡು ಅದನ್ನೂ ಕತ್ತರಿಸಿದೆ.

ಅನ್ನ ರುಚಿಯಾಗಿತ್ತು. ತುಂಬ ದಿನಗಳ ಮೇಲೆ.

೨೪ ಜೂನ್

ಪಕ್ಕದ ಮನೆ ದಾಕ್ಷಾಯಣಮ್ಮ ಫೋನ್ ಬಂದಿದೆ ಅಂತ ಕೂಗಿದರು. ಅವನು.

ಬೈಯುತ್ತಾನೆ ಅಂದುಕೊಂಡು ಕಾದೆ. ಬೈಯಲಿಲ್ಲ. ದನಿ ಸಣ್ಣಗಾಗಿತ್ತು.

"ನನ್ ಹೆಸ್ರು ಹೋಯ್ತು ಹಾಲಮ್ಮ. ತಪ್ಪು ನಂದೇ. ಆದ್ರೆ ಅಳೆದದ್ದು ನೀನೇ ಅಂತ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ಮನೆ ಉಳೀತಿತ್ತು."

"ಗಾರೆಯವನ ಹೆಸ್ರು ಯಾರಿಗೆ ಬೇಕು ಸರ್?"

ಇಟ್ಟುಬಿಟ್ಟೆ. ಎಷ್ಟು ತಿಂಗಳಿಂದ ಕಾಯ್ದಿಟ್ಟಿದ್ದ ಮಾತು. ಆಡಿದ ಮೇಲೆ ಬಾಯೆಲ್ಲ ಒಣಗಿತು.

೬ ಜುಲೈ, ಭಾನುವಾರ — ಬಂದರು

ಅವ್ವನಿಗೆ ಹೇಳದೆ ಬಂದೆ. ಯಾಕೆ ಬಂದೆನೋ.

ಆ ಮನೆಯ ಕಾವಲಿನ ಐತಪ್ಪ, ಅಳೆಯುವ ದಿನಗಳಿಂದ ಪರಿಚಯ, ಕೊಡೆ ಹಿಡಿದು ಎದುರು ಬಂದ. "ನೀವು ಬಂದದ್ದಾ ಅಮ್ಮಾ? ಮೊದ್ಲು ಹಂಚು ತೆಗ್ದ್ರು. ಮತ್ತೆ ಹದಿನೈದು ದಿವಸ ಮಳೆ. ಮಣ್ಣಿನ ಗಾರೆ ಅಲ್ವಾ, ಕರಗಿ ಹೋಯ್ತು. ಅವ್ರಿಗೆ ಕೆಡವುವ ಕೆಲ್ಸವೇ ಇಲ್ಲ."

ನಾನು ಮಾಡಿದ್ದು ಐತಪ್ಪನಿಗೆ ಗೊತ್ತಿಲ್ಲ. "ನಿಮ್ಗೆ ಬೇಸರ ಆಗ್ತದೆ, ಒಳಗೆ ಹೋಗ್ಬೇಡಿ" ಅಂದ.

ಹೋದೆ. ಹಲಗೆಗಳು ಹೊಳೆಯ ಕಡೆ ರಾಶಿ ಬಿದ್ದಿವೆ. ಅಟ್ಟ ಇಲ್ಲ. ಆಕಾಶ ಇದೆ. ಕಾಂತರಾಜನ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದೆ. ಬರಲಿಲ್ಲ. ಬಂದದ್ದು "ಗೊತ್ತಿಲ್ಲ" ಅಂದವಳ ಮೇಲೆ.

ಉತ್ತರದ ಗೋಡೆ ಇನ್ನೂ ನಿಂತಿದೆ. ನಾಳೆಗೆ ಅದೂ ಇರಲಿಕ್ಕಿಲ್ಲ ಅಂತಾನೆ ಐತಪ್ಪ. ಟೇಪಿನ ಒಂದು ತುದಿ ಅವನ ಕೈಗೆ ಕೊಟ್ಟೆ.

ಉತ್ತರದ ಗೋಡೆ. ಉದ್ದ ನಲವತ್ತೊಂದು ಅಡಿ ಎಂಟು ಅಂಗುಲ. ದಪ್ಪ ಎರಡೂವರೆ ಅಡಿ. ಕಿಟಕಿ ಮೂರು, ಒಂದರ ದಾರಂದ ಹೋಗಿದೆ. ಅಳೆದವರು, ಹಾಲಮ್ಮ. ಎತ್ತರ—